ಒಡೆದ ಮೊಹರಿನ ಲೆಕ್ಕ

ಪೂರ್ವ ಟರ್ಕಿಯಲ್ಲಿ ಮಲಾಟ್ಯಾ ಎಂಬ ಊರಿದೆ, ಒಣಗಿಸಿದ ಏಪ್ರಿಕಾಟ್ ಹಣ್ಣಿಗೆ ಹೆಸರಾದ ಊರು. ಅದರ ಮಗ್ಗುಲಲ್ಲೇ ಮೂವತ್ತು ಮೀಟರ್ ಎತ್ತರದ ಮಣ್ಣಿನ ದಿಬ್ಬವೊಂದಿದೆ. ಹೆಸರು ಅರ್ಸ್ಲಾನ್‌ತೆಪೆ. ಹಸಿ ಇಟ್ಟಿಗೆಯ ಮನೆ ಕಟ್ಟುವುದು, ಅದು ಕುಸಿದ ಮೇಲೆ ಮಟ್ಟ ಮಾಡಿ ಅದೇ ಜಾಗದಲ್ಲಿ ಇನ್ನೊಂದು ಕಟ್ಟುವುದು, ಹೀಗೆ ಸಾವಿರಾರು ವರ್ಷ ಮಾಡಿದ್ದರಿಂದ ಎದ್ದ ಗುಡ್ಡ ಅದು. ರೋಮ್‌ನ ಸಪಿಯೆಂಝಾ ವಿಶ್ವವಿದ್ಯಾಲಯದವರು 1961ರಿಂದ ಅಲ್ಲಿ ಅಗೆಯುತ್ತಿದ್ದಾರೆ. 2021ರಲ್ಲಿ ಯುನೆಸ್ಕೊ ಅದನ್ನು ವಿಶ್ವ ಪರಂಪರೆಯ ತಾಣವೆಂದು ಘೋಷಿಸಿದಾಗ ಪತ್ರಿಕೆಗಳೆಲ್ಲ ಒಂದೇ ಚಿತ್ರ ಹಾಕಿದವು: ಆರ್ಸೆನಿಕ್ ಬೆರೆತ ತಾಮ್ರದ ಕತ್ತಿಗಳು. ಒಟ್ಟು ಒಂಬತ್ತು, ಜೊತೆಗೆ ಹನ್ನೆರಡು ಈಟಿಯ ಮೊನೆಗಳು. ಐದು ಸಾವಿರ ವರ್ಷಕ್ಕೂ ಹಿಂದಿನವು. ಮನುಷ್ಯ ಮಾಡಿದ ಕತ್ತಿಗಳಲ್ಲೇ ಅತ್ಯಂತ ಹಳೆಯವು ಎನ್ನುತ್ತಾರೆ.

ಕತ್ತಿ ನೋಡಲು ಚೆನ್ನಾಗಿರುತ್ತದೆ, ನಿಜ. ಆದರೆ ಆ ಕತ್ತಿಗಳು ಸಿಕ್ಕ ಅರಮನೆಯವರೇ ಕಸವೆಂದು ಎಸೆದಿದ್ದ ಇನ್ನೊಂದು ವಸ್ತುವಿದೆ. ಬೊಗಸೆಯಲ್ಲಿ ಹತ್ತಾರು ಹಿಡಿಯುವಂಥ ಜೇಡಿಮಣ್ಣಿನ ಚೂರುಗಳು, ಎರಡು ಸಾವಿರಕ್ಕೂ ಹೆಚ್ಚು. ಒಂದೊಂದರ ಮೇಲೂ ಮೊಹರು ಒತ್ತಿದ ಗುರುತು. ಕೋಡಿನ ಆಡು, ಸಿಂಹ, ಬಾಲ ತಿರುಚಿಕೊಂಡ ಯಾವುದೋ ಮೃಗ. ನನಗೆ ಆ ಅರಮನೆಯ ಯಜಮಾನ ಯಾರೆಂದು ಹೇಳಿದ್ದು ಕತ್ತಿಯಲ್ಲ, ಈ ಚೂರುಗಳು.

ಇದಕ್ಕೆ ಕಾರಣ ನನ್ನ ನೌಕರಿ. ನಾನು ಖಜಾನೆ ಇಲಾಖೆಯಲ್ಲಿ ಗುಮಾಸ್ತೆಯಾಗಿ ಸೇರಿ ಹೆಡ್ ಅಕೌಂಟೆಂಟ್ ಆಗಿ ನಿವೃತ್ತಳಾದವಳು. ತಾಲ್ಲೂಕಿನ ಉಪಖಜಾನೆ ಎಂದರೆ ಜನ ಅಲ್ಲಿ ನೋಟಿನ ಕಂತೆ ಇರುತ್ತದೆ ಎಂದುಕೊಳ್ಳುತ್ತಾರೆ. ನಮ್ಮ ಭದ್ರತಾ ಕೊಠಡಿಯಲ್ಲಿ ಇರುತ್ತಿದ್ದದ್ದು ಛಾಪಾಕಾಗದ, ಎಸ್ಸೆಸ್ಸೆಲ್ಸಿ ಪ್ರಶ್ನೆಪತ್ರಿಕೆಯ ಕಟ್ಟು, ಯಾರೋ ಅಧಿಕಾರಿ ಇಟ್ಟುಹೋದ ಮೊಹರು ಮಾಡಿದ ಪೆಟ್ಟಿಗೆ. ಎಲ್ಲದಕ್ಕೂ ದಾರ, ದಾರದ ಗಂಟಿಗೆ ಕರಗಿಸಿದ ಅರಗು, ಅರಗಿನ ಮೇಲೆ ಹಿತ್ತಾಳೆ ಮೊಹರು. ಅರಗು ಬೆರಳಿಗೆ ತಾಗಿ ಬೊಬ್ಬೆ ಬಂದದ್ದು ಎಷ್ಟು ಸಲವೋ! ಆ ಅರಗಿಗೆ ಯಾವ ಕಳ್ಳನನ್ನೂ ತಡೆಯುವ ಶಕ್ತಿಯಿಲ್ಲ. ಉಗುರಿನಿಂದ ಎಬ್ಬಿದರೆ ಬಿಟ್ಟುಕೊಳ್ಳುತ್ತದೆ. ಆದರೂ ಯಾರೂ ಎಬ್ಬುವುದಿಲ್ಲ. ಏಕೆಂದರೆ ನಾಳೆ ಒಬ್ಬರು ಬಂದು ಅದನ್ನು ನೋಡುತ್ತಾರೆ, ಪುಸ್ತಕದಲ್ಲಿ ಬರೆಯುತ್ತಾರೆ, ಕೇಳುತ್ತಾರೆ.

ಬಲ ಬೇರೆ, ಅಧಿಕಾರ ಬೇರೆ ಎಂದು ಜರ್ಮನಿಯ ಸಮಾಜಶಾಸ್ತ್ರಜ್ಞ ಮ್ಯಾಕ್ಸ್ ವೇಬರ್ ಬೇರ್ಪಡಿಸಿಟ್ಟ. ಹೊಡೆದು ಕೆಲಸ ಮಾಡಿಸುವುದು ಬಲ. ಮಾತು ಕೇಳುವುದು ಸರಿ ಎಂದು ಕೇಳುವವನೇ ಒಪ್ಪಿಕೊಂಡಿದ್ದರೆ ಅದು ಅಧಿಕಾರ. ಪುರಾತತ್ವದವರ ಕಷ್ಟ ಏನೆಂದರೆ ಈ ಒಪ್ಪಿಗೆ ಮಣ್ಣಿನಡಿ ಸಿಗುವ ವಸ್ತುವಲ್ಲ. ಮೂಳೆ ಸಿಗುತ್ತದೆ, ಮಡಕೆ ಸಿಗುತ್ತದೆ, ಗೋಡೆ ಸಿಗುತ್ತದೆ. ಪುರಾತತ್ವಜ್ಞ ಗಾರ್ಡನ್ ಚೈಲ್ಡ್ 1950ರಲ್ಲಿ ಮೊದಲ ನಗರಗಳನ್ನು ಗುರುತಿಸಲು ಹತ್ತು ಲಕ್ಷಣ ಪಟ್ಟಿ ಮಾಡಿದ: ದೊಡ್ಡ ಜನವಸತಿ, ಭಾರಿ ಕಟ್ಟಡ, ಬರವಣಿಗೆ, ಒಟ್ಟುಗೂಡಿದ ಹೆಚ್ಚುವರಿ ಧಾನ್ಯ ಇತ್ಯಾದಿ. ಆಮೇಲೆ ಬಹಳ ಕಾಲ ಎಲ್ಲರೂ ಆ ಪಟ್ಟಿ ಹಿಡಿದುಕೊಂಡು ಟಿಕ್ ಹಾಕುತ್ತ ಹೋದರು. ಅರ್ಸ್ಲಾನ್‌ತೆಪೆಯಲ್ಲಿ ಆ ಪಟ್ಟಿ ಕೈಕೊಡುತ್ತದೆ. ಅದು ನಗರವೇ ಅಲ್ಲ. ಇಡೀ ದಿಬ್ಬ ನಾಲ್ಕೂವರೆ ಹೆಕ್ಟೇರಿನ ಆಸುಪಾಸು. ಅದೇ ಕಾಲದ ದಕ್ಷಿಣ ಇರಾಕಿನ ಉರುಕ್ 250 ಹೆಕ್ಟೇರ್ ಹರಡಿತ್ತು. ಅರ್ಸ್ಲಾನ್‌ತೆಪೆಯಲ್ಲಿ ಬರವಣಿಗೆಯೂ ಇಲ್ಲ, ಒಂದಕ್ಷರವೂ ಇಲ್ಲ. ಆದರೂ ಅಲ್ಲಿ ಆಡಳಿತ ನಡೆಯುತ್ತಿತ್ತು ಎಂದು ಖಚಿತವಾಗಿ ಹೇಳಬಹುದು, ಆ ಚೂರುಗಳಿಂದ.

ಹೇಗೆ ಎನ್ನುವುದೇ ಸ್ವಾರಸ್ಯ. ಮೊದಮೊದಲು ಎಲ್ಲ ಕಡೆಯೂ ವಿದ್ವಾಂಸರು ಇಂಥ ಮಣ್ಣಿನ ಮುಂಭಾಗವನ್ನಷ್ಟೇ ನೋಡುತ್ತಿದ್ದರು. ಸಿಂಹದ ಚಿತ್ರ ಎಷ್ಟು ಚೆಂದ, ಯಾವ ಶೈಲಿ, ಯಾವ ಕಾಲ, ಇಷ್ಟೇ. ಎನ್ರಿಕಾ ಫಿಯಾಂಡ್ರಾ ಎಂಬ ಇಟಲಿಯ ಮಹಿಳೆ 1960ರ ದಶಕದಲ್ಲಿ ಕ್ರೀಟ್ ದ್ವೀಪದ ಫೈಸ್ಟೋಸ್ ಅರಮನೆಯ ಮುದ್ರೆಗಳನ್ನು ಕೈಗೆತ್ತಿಕೊಂಡು ತಿರುಗಿಸಿ ಹಿಂಬದಿ ನೋಡಿದರು. ಹಸಿ ಮಣ್ಣು ಯಾವುದಕ್ಕೆ ಅಂಟಿಕೊಂಡಿತ್ತೋ ಅದರ ಪಡಿಯಚ್ಚು ಹಿಂದೆ ಉಳಿದಿರುತ್ತದಲ್ಲ! ಬುಟ್ಟಿಯ ಹೆಣಿಗೆ, ಚೀಲದ ಮಡಿಕೆ, ಗಡಿಗೆಯ ಬಾಯಿಗೆ ಕಟ್ಟಿದ ಬಟ್ಟೆ, ಹುರಿಯ ತಿರುಚು. ಕೆಲವದರ ಹಿಂದೆ ಮಾತ್ರ ಉರುಟಾದ ಗೂಟದ ಗುರುತು, ಅದಕ್ಕೆ ಸುತ್ತಿದ ಹಗ್ಗ, ಪಕ್ಕದಲ್ಲಿ ಚಪ್ಪಟೆ ಗೋಡೆ. ಅವು ಪಾತ್ರೆಯ ಮುದ್ರೆಗಳಲ್ಲ, ಬಾಗಿಲಿನವು. ಬಾಗಿಲಿಂದ ಬಂದ ಹಗ್ಗವನ್ನು ಗೋಡೆಯ ಗೂಟಕ್ಕೆ ಸುತ್ತಿ, ಅದರ ಮೇಲೆ ಮಣ್ಣು ಮೆತ್ತಿ, ಮೊಹರು ಒತ್ತುತ್ತಿದ್ದರು. ಬಾಗಿಲು ತೆರೆಯಬೇಕಾದರೆ ಮಣ್ಣು ಒಡೆಯಲೇಬೇಕು.

ಫಿಯಾಂಡ್ರಾ ಮತ್ತು ಪಿಯೆರಾ ಫೆರಿಯೊಲಿ ಇಬ್ಬರೂ ಅರ್ಸ್ಲಾನ್‌ತೆಪೆಯ ಚೂರುಗಳ ಹಿಂಬದಿಗೆ ಅಚ್ಚು ತೆಗೆದು, ವರ್ಷಗಟ್ಟಲೆ ಕೂತು ವಿಂಗಡಿಸಿದರು. ಇನ್ನೂರಕ್ಕೂ ಹೆಚ್ಚು ಬೇರೆ ಬೇರೆ ಮೊಹರುಗಳು ಲೆಕ್ಕಕ್ಕೆ ಸಿಕ್ಕವು. ಬುಟ್ಟಿಗೆ, ಚೀಲಕ್ಕೆ, ಗಡಿಗೆಗೆ ಮುದ್ರೆ ಒತ್ತಿದವರು ಬಹಳ ಮಂದಿ. ಬಾಗಿಲಿಗೆ ಒತ್ತಿದವರು ಕೆಲವರೇ. ಖಜಾನೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಯಾರ ಮೊಹರಿಗೆ ಬಾಗಿಲು ಸಿಗುತ್ತದೆ, ಯಾರದಕ್ಕೆ ಬರೀ ಮೂಟೆ ಸಿಗುತ್ತದೆ ಎಂಬುದರಲ್ಲಿ ಕಚೇರಿಯ ಇಡೀ ಮೇಲುಕೆಳಗು ಇದೆ. ಹೆಸರು, ಹುದ್ದೆ, ಸಂಬಳ ಒಂದೂ ಗೊತ್ತಿಲ್ಲದೆ ಐದು ಸಾವಿರ ವರ್ಷದ ಹಿಂದಿನ ಸಿಬ್ಬಂದಿಯ ಶ್ರೇಣಿಯನ್ನು ಅವರು ತೆಗೆದಿಟ್ಟರು.

ಆ ಮುದ್ರೆಗಳಲ್ಲಿ ಹೆಚ್ಚಿನವು ಒಂದೇ ಕಡೆ ರಾಶಿಯಾಗಿ ಸಿಕ್ಕಿದ್ದೂ ಯೋಚಿಸಬೇಕಾದ ಸಂಗತಿ. ಒಡೆದ ಕೂಡಲೇ ಬಾಗಿಲ ಬಳಿ ಬಿಸಾಡಿದ್ದರೆ ಅವು ಕಾಲಡಿ ಪುಡಿಯಾಗಿ ಹೋಗುತ್ತಿದ್ದವು. ಅರಮನೆಯವರು ಒಡೆದ ಮಣ್ಣನ್ನು ಜೋಪಾನ ಮಾಡಿ ಒಂದೆಡೆ ಇಡುತ್ತಿದ್ದರು. ಒಂದು ಅವಧಿ ಮುಗಿದ ಮೇಲೆ, ಎಣಿಸಿ ತಾಳೆ ನೋಡಿದ ಮೇಲೆ, ಒಟ್ಟಿಗೆ ತಂದು ಗುಂಡಿಗೆ ಸುರಿಯುತ್ತಿದ್ದರು. ಗುಂಡಿಯಲ್ಲಿ ಅವು ಪದರ ಪದರವಾಗಿ ಬಿದ್ದಿವೆ. ಇಷ್ಟು ಸಲ ಬಾಗಿಲು ತೆರೆಯಿತು, ಇಂಥವನ ಮುದ್ರೆ ಇಷ್ಟು ಸಲ ಒಡೆಯಿತು, ಲೆಕ್ಕ ಸರಿಯಿದೆ, ಇನ್ನು ಬಿಸಾಡು. ನಮ್ಮಲ್ಲೂ ಹಳೇ ವೋಚರುಗಳನ್ನು ಆಡಿಟ್ ಮುಗಿಯುವವರೆಗೆ ಇಲಿ ತಿನ್ನದಂತೆ ಕಾಯ್ದು, ಅವಧಿ ಮುಗಿದ ಮೇಲೆ ಪಟ್ಟಿ ಮಾಡಿ ನಾಶ ಮಾಡುತ್ತಿದ್ದೆವು. ಬರವಣಿಗೆ ಇಲ್ಲದೆಯೇ ಆಡಿಟ್ ನಡೆಯುತ್ತಿತ್ತು ಎಂದರೆ ನಮ್ಮ ಇಲಾಖೆಯ ಹಳಬರು ಖುಷಿಪಟ್ಟಾರು.

ಏನನ್ನು ಇಷ್ಟು ಕಾಯುತ್ತಿದ್ದರು? ಬಂಗಾರವನ್ನಲ್ಲ, ಊಟವನ್ನು. ಕ್ರಿ.ಪೂ. 3400ರಿಂದ 3100ರ ನಡುವಿನ ಆ ಅರಮನೆಯ ಉಗ್ರಾಣಗಳಲ್ಲಿ ದೊಡ್ಡ ವಾಡೆಗಳಿದ್ದವು. ಚಿಕ್ಕ ಉಗ್ರಾಣವೊಂದರಲ್ಲಿ ನೂರಕ್ಕೂ ಹೆಚ್ಚು ಮುದ್ರೆಚೂರುಗಳು, ಜೊತೆಗೆ ರಾಶಿ ರಾಶಿ ಮಣ್ಣಿನ ಬಟ್ಟಲುಗಳು. ಎಲ್ಲ ಒಂದೇ ಮಾದರಿಯವು, ಒರಟು, ಅವಸರದಲ್ಲಿ ತಿಗುರಿಯಿಂದ ಎತ್ತಿದವು. ಉರುಕ್‌ನಲ್ಲಿಯೂ ಇಂಥದೇ ಬಟ್ಟಲು, ಓರೆ ಅಂಚಿನದು, ಅಚ್ಚಿಗೆ ಹಾಕಿ ಒತ್ತಿದ್ದು. ಅಲ್ಲಿ ಅಗೆದಲ್ಲೆಲ್ಲ ಅವು ಎಷ್ಟು ಸಿಗುತ್ತವೆಂದರೆ ಅಗೆಯುವವರಿಗೆ ಬೇಸರ ಬರುವಷ್ಟು. ಉರುಕ್‌ನ ಮೊದಲ ಬರವಣಿಗೆಯಲ್ಲಿ ‘ತಿನ್ನು’ ಎನ್ನುವುದಕ್ಕೆ ಬರೆಯುತ್ತಿದ್ದ ಗುರುತು ಮನುಷ್ಯನ ತಲೆ, ಅದರ ಪಕ್ಕಕ್ಕೆ ಒಂದು ಬಟ್ಟಲು. ಅರ್ಸ್ಲಾನ್‌ತೆಪೆಯ ಅರಮನೆಗೆ ದುಡಿಯಲು ಬಂದವನಿಗೆ ಆ ಬಟ್ಟಲಿನಲ್ಲಿ ಅಂದಿನ ಪಾಲು ಸಿಗುತ್ತಿತ್ತು ಎಂದು ಅಲ್ಲಿ ದಶಕಗಳ ಕಾಲ ಉತ್ಖನನ ನಡೆಸಿದ ಮಾರ್ಚೆಲ್ಲಾ ಫ್ರಾಂಜಿಪಾನೆ ವಾದಿಸುತ್ತಾರೆ. ಎಪ್ಪತ್ತರ ದಶಕದ ‘ಕೂಲಿಗಾಗಿ ಕಾಳು’ ಯೋಜನೆ ಕಂಡವರಿಗೆ ಇದರಲ್ಲಿ ವಿಚಿತ್ರವೇನೂ ಕಾಣದು. ಆದರೆ ಒಂದು ಸೂಕ್ಷ್ಮವಿದೆ. ಆ ಕಾಳು ಬೆಳೆದವನೂ ಬಹುಶಃ ಅದೇ ಕೂಲಿಯವನು. ತಾನೇ ಬೆಳೆದದ್ದನ್ನು ಇನ್ನೊಬ್ಬನ ಬಾಗಿಲ ಮುಂದೆ ಬಟ್ಟಲು ಹಿಡಿದು ಪಡೆಯುವುದನ್ನು ಸಹಜವೆಂದು ಒಪ್ಪಿಕೊಂಡ ಕ್ಷಣದಲ್ಲಿ ಸರ್ಕಾರ ಶುರುವಾಯಿತು ಎನ್ನಬೇಕು.

ಈ ಒಪ್ಪಿಗೆ ಒಂದೇ ದಿನದಲ್ಲಿ ಬಂದದ್ದಲ್ಲ. ಅರಮನೆಗೆ ಮುಂಚಿನ ಪದರದಲ್ಲಿ ಒಂದು ದೊಡ್ಡ ಗುಡಿ ಇದೆ. ಅಲ್ಲಿಯೂ ನೆಲದ ತುಂಬ ಬಟ್ಟಲುಗಳು, ಮುದ್ರೆ ಒತ್ತಿದ ಮಣ್ಣು. ಅಂದರೆ ಮೊದಲು ಹಂಚಿಕೆ ನಡೆದದ್ದು ದೇವರ ಹೆಸರಿನಲ್ಲಿ, ಹಬ್ಬದೂಟವಾಗಿ. ಆಮೇಲಿನ ಅರಮನೆಯಲ್ಲಿ ಗುಡಿಗಳು ಚಿಕ್ಕವಾದವು, ಒಳಗೆ ಹೋಗಬಲ್ಲವರು ಕಡಿಮೆಯಾದರು. ಊಟದ ಹಂಚಿಕೆ ಗುಡಿಯಿಂದ ಹೊರಬಂದು ಉಗ್ರಾಣಕ್ಕೆ ಸೇರಿತು. ಪ್ರಸಾದ ಹೋಗಿ ಪಡಿ ಬಂತು. ಕುರಿ, ಮೇಕೆಯ ಮೂಳೆಗಳೂ ಈ ಕಾಲಕ್ಕೆ ಬೇರೆಲ್ಲ ಪ್ರಾಣಿಗಳನ್ನು ಮೀರಿ ಹೆಚ್ಚುತ್ತವೆ. ಮಂದೆಗಳ ಮೇಲೂ ಅರಮನೆಯ ಕೈ ಬಿದ್ದಿತ್ತು ಎಂದರ್ಥ.

ಇನ್ನು ಸಿಂಹಾಸನದ ಮಾತು. ಅರಮನೆಯ ದೊಡ್ಡ ಅಂಗಳಕ್ಕೆ ಎದುರಾಗಿ ಒಂದು ಕೋಣೆ ಸಿಕ್ಕಿದೆ. ಒಳಗೆ ಮೂರು ಮೆಟ್ಟಿಲ ಮಣ್ಣಿನ ಜಗಲಿ, ಅದರ ಮೇಲೆ ಸುಟ್ಟ ಮರದ ಅವಶೇಷ. ಅಲ್ಲಿ ಯಾರೋ ಮರದ ಪೀಠದ ಮೇಲೆ ಕೂರುತ್ತಿದ್ದರು, ಜನ ಕೆಳಗೆ ಅಂಗಳದಲ್ಲಿ ನಿಂತು ನೋಡುತ್ತಿದ್ದರು. ದೇವರ ವಿಗ್ರಹವಿಲ್ಲ, ಬಲಿಪೀಠವಿಲ್ಲ. ಒಂದು ಮೊಹರಿನ ಚಿತ್ರದಲ್ಲಿ ಚಪ್ಪರದ ಕೆಳಗೆ ಕೂತ ಒಬ್ಬನನ್ನು ಎತ್ತುಗಳು ಎಳೆದುಕೊಂಡು ಹೋಗುತ್ತಿವೆ. ಆತ ಕೂತಿರುವುದು ರಥದ ಮೇಲಲ್ಲ, ಕಣದಲ್ಲಿ ತೆನೆ ಒಕ್ಕುವ ಹಲಗೆಯ ಮೇಲೆ! ನಮ್ಮ ಕಡೆ ಕಣದಲ್ಲಿ ಎತ್ತು ಕಟ್ಟಿ ಹಂತಿ ಹೊಡೆಯುವಂತೆ ಅಲ್ಲಿ ಅಡಿಯಲ್ಲಿ ಕಲ್ಲುಚೂರು ಬಡಿದ ಹಲಗೆಯನ್ನು ತೆನೆಯ ಮೇಲೆ ಎಳೆಸುತ್ತಿದ್ದರು. ದೊರೆಯ ಮೆರವಣಿಗೆಗೆ ಅವರು ಆರಿಸಿಕೊಂಡ ವಾಹನ ಅದು. ನನಗೆ ಇದು ಬಹಳ ಹಿಡಿಸಿತು. ಸುಗ್ಗಿಯ ರಾಶಿಯ ಮೇಲೆ ಮೊದಲ ಹಕ್ಕು ಯಾರದು ಎಂದು ಅಕ್ಷರ ಬಾರದವನಿಗೂ ತಿಳಿಯುವ ಹಾಗೆ ಹೇಳುವುದು ಹೀಗೆಯೇ. ನಮ್ಮ ದೇಶದ ಹಲವು ಸೀಮೆಗಳಲ್ಲಿ ಕಣದ ರಾಶಿಯ ಮೇಲೆ ಮುದ್ರೆ ಒತ್ತಿ, ಸರ್ಕಾರದ ಪಾಲು ಅಳೆಯುವ ತನಕ ರೈತ ಮುಟ್ಟದಂತೆ ಮಾಡುವ ರೂಢಿ ಇತ್ತು. ಸೆಗಣಿ, ಮಣ್ಣು, ಬೂದಿ, ಏನಾದರೂ ಸರಿ. ಕಾಳನ್ನು ಕಾಯುತ್ತಿದ್ದದ್ದು ಆ ಗುರುತು.

ಕ್ರಿ.ಪೂ. 3100ರ ಸುಮಾರಿಗೆ ಅರಮನೆಗೆ ಬೆಂಕಿ ಬಿತ್ತು. ಮತ್ತೆ ಕಟ್ಟಲಿಲ್ಲ. ಹೊತ್ತಿಸಿದವರು ಯಾರು ಎಂದು ವಾದಗಳಿವೆ. ಆ ಮೇಲಿನ ಪದರದಲ್ಲಿ ಕಡ್ಡಿ ಹೆಣೆದು ಮಣ್ಣು ಮೆತ್ತಿದ ಗುಡಿಸಲುಗಳು, ಕುರಿಗಾರರ ಬದುಕು, ಕೈಯಲ್ಲೇ ತಟ್ಟಿ ಮಾಡಿದ ಕೆಂಪು-ಕಪ್ಪು ಮಡಕೆ. ಮುದ್ರೆಯ ಮಣ್ಣು ಪೂರ್ತಿ ಮಾಯ. ಉಗ್ರಾಣದ ಆಡಳಿತ ಸತ್ತುಹೋಯಿತು.

ಅಧಿಕಾರವೂ ಸತ್ತಿತೇ? 1996ರಲ್ಲಿ ಸಿಕ್ಕ ಗೋರಿಯೊಂದು ಇಲ್ಲ ಎನ್ನುತ್ತದೆ. ಬೆಂಕಿಯ ನಂತರದ ನೂರಿನ್ನೂರು ವರ್ಷದೊಳಗಿನದು. ಕಲ್ಲುಚಪ್ಪಡಿಯ ಪೆಟ್ಟಿಗೆಯೊಳಗೆ ಒಬ್ಬ ನಡುವಯಸ್ಸಿನ ಗಂಡಸು, ಅವನ ಸುತ್ತ ಅರವತ್ತಕ್ಕೂ ಹೆಚ್ಚು ಲೋಹದ ವಸ್ತುಗಳು: ಆಯುಧ, ಪಾತ್ರೆ, ಆಭರಣ, ತಾಮ್ರದ ಜೊತೆ ಬೆಳ್ಳಿ. ಮಡಕೆಗಳಲ್ಲಿ ಕುರಿಗಾರರ ಕೆಂಪು-ಕಪ್ಪು ಬಗೆಯೂ ಇದೆ, ಹಳೇ ತಿಗುರಿಯ ಬಗೆಯೂ ಇದೆ. ಮುಚ್ಚಿದ ಚಪ್ಪಡಿಯ ಮೇಲೆ ನಾಲ್ವರು ಹದಿಹರೆಯದವರ ಅಸ್ಥಿ. ಅವರನ್ನು ಬಲಿಕೊಟ್ಟಿರಬೇಕೆಂದು ಅಗೆದವರ ಅಭಿಪ್ರಾಯ.

ಈ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಗೋರಿಯವನ ಬಳಿ ಅರಮನೆಯವನಿಗಿಂತ ಕಣ್ಣು ಕುಕ್ಕುವ ವೈಭವವಿದೆ, ಮಕ್ಕಳ ಪ್ರಾಣ ತೆಗೆಯುವಷ್ಟು ಬಲವಿದೆ. ಆದರೆ ಅವನಿಗೆ ಉಗ್ರಾಣವಿಲ್ಲ, ಗುಮಾಸ್ತರಿಲ್ಲ, ಒಡೆದ ಮುದ್ರೆ ಎಣಿಸುವವರಿಲ್ಲ. ಅರಮನೆಯ ಕಾಲದಲ್ಲಿ ಕತ್ತಿ ಗೋಡೆಗೆ ನೇತುಬಿದ್ದಿತ್ತು, ಕೆಲಸ ಮಣ್ಣಿನ ಮುದ್ರೆಯಿಂದ ನಡೆಯುತ್ತಿತ್ತು. ಶ್ರೀಮಂತ ಗೋರಿ ಸಿಕ್ಕಿದರೆ ಬಲಿಷ್ಠ ರಾಜ್ಯವಿತ್ತು ಎಂದು ಬಹಳ ಕಾಲ ನಂಬಿದ್ದೆವು. ಇಲ್ಲಿ ರಾಜ್ಯ ಮುರಿದುಬಿದ್ದ ಮೇಲೆ ಗೋರಿ ಶ್ರೀಮಂತವಾಗಿದೆ. ಯಾರ ಒಪ್ಪಿಗೆಯೂ ಖಾತ್ರಿಯಿಲ್ಲದವನು ಸತ್ತ ಮೇಲಾದರೂ ಅಬ್ಬರ ಮಾಡಬೇಕಾಗುತ್ತದೆ.

ಇದೇ ಕಣ್ಣಿನಿಂದ ಸಿಂಧೂ ನಾಗರಿಕತೆಯ ಕಡೆ ತಿರುಗಿದರೆ ತಲೆ ತಿರುಗುತ್ತದೆ. ಅಲ್ಲಿ ಇಂಥ ವೈಭವದ ಗೋರಿಯೂ ಇಲ್ಲ, ಸಿಂಹಾಸನವೂ ಇಲ್ಲ. ಅರಮನೆ ಎಂದು ಎಲ್ಲರೂ ಒಪ್ಪುವ ಕಟ್ಟಡ ಒಂದೂ ಇಲ್ಲ. ಮೊಹೆಂಜೊದಾರೊದ ‘ಪುರೋಹಿತ ರಾಜ’ ಎಂಬ ಪ್ರಸಿದ್ಧ ಮೂರ್ತಿಯ ಎತ್ತರ 17.5 ಸೆಂಟಿಮೀಟರ್. ಅವನು ಪುರೋಹಿತ, ರಾಜ ಎಂದದ್ದು ಅಗೆದವರೇ ಹೊರತು ಮೂರ್ತಿಯಲ್ಲ. ಅತ್ತ ತೂಕದ ಕಲ್ಲುಗಳನ್ನು ನೋಡಿ: ನುಣುಪಾದ ಘನಾಕೃತಿ, ಒಂದು, ಎರಡು, ನಾಲ್ಕು, ಎಂಟು, ಹದಿನಾರು ಎಂದು ದುಪ್ಪಟ್ಟಾಗುತ್ತ ಹೋಗುವ ಸರಣಿ. ಹದಿನಾರರ ಕಲ್ಲು ಸುಮಾರು 13.7 ಗ್ರಾಂ. ಗುಜರಾತಿನಲ್ಲೂ ಅಷ್ಟೇ, ಪಂಜಾಬಿನಲ್ಲೂ ಅಷ್ಟೇ. ನಮ್ಮಲ್ಲಿ ಮೆಟ್ರಿಕ್ ಅಳತೆ ಬರುವ ತನಕ ಒಂದು ಸೀಮೆಯ ಸೇರಿಗೆ ಇನ್ನೊಂದು ಸೀಮೆಯ ಸೇರು ತಾಳೆಯಾಗುತ್ತಿರಲಿಲ್ಲ. ರಾಜನೇ ಕಾಣದ ನಾಡಿನಲ್ಲಿ ಇಷ್ಟು ದೂರಕ್ಕೆ ಒಂದೇ ತೂಕ ನಡೆಸಿದವರು ಯಾರು?

ಗುಜರಾತಿನಲ್ಲಿರುವ ಸಿಂಧೂ ಕಾಲದ ಊರು ಲೋಥಲ್ ಅನ್ನು ಅಗೆದವರು ನಮ್ಮವರೇ, ಶಿಕಾರಿಪುರ ರಂಗನಾಥ ರಾವ್. 1955ರಲ್ಲಿ ಶುರುವಾದ ಆ ಉತ್ಖನನದಲ್ಲಿ ಹಸಿ ಇಟ್ಟಿಗೆಯ ಎತ್ತರದ ಜಗಲಿಯ ಮೇಲೆ ಚೌಕ ಕಟ್ಟೆಗಳ ಸಾಲು ಸಿಕ್ಕಿತು. ಮೊದಲು 64 ಇದ್ದಿರಬೇಕು, ಉಳಿದದ್ದು 12. ರಾವ್ ಅದನ್ನು ಉಗ್ರಾಣ ಎಂದರು. ಅಲ್ಲಿಯೂ ಬೆಂಕಿ ಬಿದ್ದಿತ್ತು, ಪುಣ್ಯಕ್ಕೆ. ಕಟ್ಟೆಗಳ ನಡುವಿನ ಓಣಿಯಲ್ಲಿ ಬಿದ್ದಿದ್ದ 65ರಷ್ಟು ಮುದ್ರೆಯ ಮಣ್ಣುಗಳು ಸುಟ್ಟು ಗಟ್ಟಿಯಾದ್ದರಿಂದ ಉಳಿದವು. ಹಿಂಬದಿಯಲ್ಲಿ ಜೊಂಡು, ಬಟ್ಟೆ, ಹುರಿಯ ಗುರುತು. ಮುಂದೆ ಡೆನಿಸ್ ಫ್ರೆನೆಜ್, ಮೌರಿಜಿಯೊ ಟೋಜಿ ಎಂಬ ಇಟಲಿಯವರು ಫಿಯಾಂಡ್ರಾ ಹಾಕಿದ ದಾರಿಯಲ್ಲೇ ಅವುಗಳ ಬೆನ್ನು ಓದಿ 2005ರಲ್ಲಿ ಬರೆದರು. ಲೋಥಲ್‌ಗೆ ಪ್ರವಾಸ ಹೋಗಿದ್ದಾಗ ಅಲ್ಲಿನ ಮ್ಯೂಸಿಯಂ ಗಾಜಿನ ಮುಂದೆ ನಾನು ನಿಂತಲ್ಲೇ ನಿಂತಿದ್ದೆ. ಬಸ್ಸಿನವರು ಹಾರ್ನ್ ಹೊಡೆದದ್ದೂ ಕೇಳಲಿಲ್ಲ ಎಂದು ಜೊತೆಯವರು ಈಗಲೂ ಆಡಿಕೊಳ್ಳುತ್ತಾರೆ.

ಆ ಮಣ್ಣಿನ ತುಂಡುಗಳಲ್ಲಿ ಕೆಲವದರ ಮೇಲೆ ಒಂದಕ್ಕಿಂತ ಹೆಚ್ಚು ಮೊಹರುಗಳಿವೆ. ಒಂದೇ ಗಂಟು, ಒಂದೇ ಮಣ್ಣು, ಇಬ್ಬರ ಗುರುತು. ನಮ್ಮ ಭದ್ರತಾ ಕೊಠಡಿಗೆ ಜೋಡಿ ಬೀಗ ಇರುತ್ತಿತ್ತು. ಒಂದು ಕೀಲಿ ಉಪಖಜಾನಾಧಿಕಾರಿಯ ಬಳಿ, ಇನ್ನೊಂದು ನನ್ನ ಬಳಿ. ಅವರು ರಜೆಯ ಮೇಲಿದ್ದರೆ ಚಾರ್ಜ್ ತೆಗೆದುಕೊಂಡವರು ಬರಬೇಕು, ಇಲ್ಲವಾದರೆ ಬಾಗಿಲು ತೆರೆಯದು. ಹೊಸದಾಗಿ ಬಂದ ಸಾಹೇಬರೊಬ್ಬರಿಗೆ ಇದು ಅವಮಾನ ಎನಿಸುತ್ತಿತ್ತು. “ಏನಮ್ಮಾ, ನನ್ನ ಮೇಲೆ ನಂಬಿಕೆ ಇಲ್ಲವಾ?” ಎಂದು ಕೇಳುತ್ತಿದ್ದರು. “ನಂಬಿಕೆಯ ಮಾತಲ್ಲ ಸಾರ್, ರೂಲ್ಸೇ ಹಾಗಿದೆ” ಎನ್ನುತ್ತಿದ್ದೆ.

ಲೋಥಲ್‌ನಲ್ಲೂ ಅಂಥದೇನೋ ಇತ್ತು ಎಂದು ನನ್ನ ಊಹೆ. ವಿದ್ವಾಂಸರಲ್ಲಿ ಒಂದು ಪಂಗಡ ಸಿಂಧೂ ನಗರಗಳಲ್ಲಿ ಒಬ್ಬ ರಾಜನಿಗಾಗಿ ಹುಡುಕುವುದನ್ನೇ ಬಿಟ್ಟು, ವರ್ತಕರ, ಕುಶಲಕರ್ಮಿಗಳ, ಓಣಿಗಳ ಗುಂಪುಗಳು ಕೂಡಿ ಆಡಳಿತ ನಡೆಸಿರಬೇಕು ಎನ್ನುತ್ತಿದೆ. ಇನ್ನೊಂದು ಪಂಗಡ ಇದನ್ನು ಒಪ್ಪುವುದಿಲ್ಲ: ಅರಮನೆ ಸಿಗದಿದ್ದ ಮಾತ್ರಕ್ಕೆ ಆಳುವವರು ಇರಲಿಲ್ಲ ಎನ್ನುವುದು ಹೇಗೆ, ಮೊಹೆಂಜೊದಾರೊದ ಬಹುಭಾಗ ಇನ್ನೂ ಅಗೆಯದೆ ಬಿದ್ದಿದೆಯಲ್ಲ, ಎಂದು. ನ್ಯಾಯವಾದ ಪ್ರಶ್ನೆಯೇ. ನಾನಾದರೆ ಆ ಜಗಳವನ್ನು ಕಟ್ಟಡಗಳ ಮೇಲೆ ನಡೆಸುವುದಿಲ್ಲ. ಪ್ರತಿ ಊರಲ್ಲೂ ಸಿಕ್ಕ ಮುದ್ರೆಯ ಮಣ್ಣುಗಳನ್ನೆಲ್ಲ ತಿರುಗಿಸಿ, ಯಾವುದು ಬಾಗಿಲಿನದು, ಯಾವುದು ಮೂಟೆಯದು, ಬಾಗಿಲಿನದರ ಮೇಲೆ ಎಷ್ಟು ಮೊಹರು ಎಂದು ಮೂರು ಕಾಲಮ್ಮು ಎಳೆದು ಬರೆದುಕೊಳ್ಳುತ್ತೇನೆ. ಲಿಪಿ ಓದಲು ಬಾರದಿದ್ದರೂ ಈ ಕೆಲಸ ನಿಲ್ಲುವುದಿಲ್ಲ. ಅರ್ಸ್ಲಾನ್‌ತೆಪೆಯಲ್ಲಿ ಓದಲು ಒಂದಕ್ಷರವೂ ಇರಲಿಲ್ಲವಲ್ಲ.